ಕೊಡೆ ನಿಗಮದ ಪಾರದರ್ಶಿ

ನನ್ನ ಷಡ್ಡಕ ಶ್ರೀಹರಿಯವರನ್ನು ನೀವು ಶಂಕರಪುರದಲ್ಲಿ ನೋಡಿದ್ದರೂ ನೋಡಿರಬಹುದು. ಬೆಳಗ್ಗೆ ಒಂದು ಕೈಯಲ್ಲಿ ಊಟದ ಡಬ್ಬಿ ಹಿಡಿದು, ಕಂಕುಳಲ್ಲಿ ಕೊಡೆ ಇಟ್ಟುಕೊಂಡು, ಸರ್ಕಾರವನ್ನು ಬೈಯುತ್ತಾ ಸರ್ಕಾರಿ ಕೆಲಸಕ್ಕೆ ಹೋಗುತ್ತಿದ್ದವರು ಅವರೇ. ರಾಜ್ಯ ಕೊಡೆ ನಿಗಮದಲ್ಲಿ ಸೂಪರಿಂಟೆಂಡೆಂಟ್. ಅಂಥದ್ದೊಂದು ನಿಗಮ ಎಲ್ಲಿತ್ತು ಎಂದು ಹುಬ್ಬೇರಿಸಬೇಡಿ. ಏನೇನಕ್ಕೋ ನಿಗಮಗಳಿದ್ದ ರಾಜ್ಯ ನಮ್ಮದು, ಕೊಡೆಗೂ ಒಂದಿತ್ತು ಎಂದುಕೊಂಡರೆ ಕಥೆ ಮುಂದಕ್ಕೆ ಹೋಗುತ್ತದೆ.

ಓಕಳಿಪುರದಲ್ಲಿ ಅದರ ಹೊಲಿಗೆ ಘಟಕ, ಚಾಮರಾಜಪೇಟೆಯಲ್ಲಿ ಮಾರಾಟ ಮಳಿಗೆ. ಕೊಡೆಗೆ ಒಂದೇ ಬಣ್ಣ, ಒಂದೇ ಅಳತೆ. ಟೆಂಡರು ಕರೆದು, ಬಟ್ಟೆ ಕೊಂಡು, ಮಂಜೂರಾತಿ ಪಡೆದು, ಹೊಲಿದು ಮಳಿಗೆಗೆ ಕಳಿಸುವ ಹೊತ್ತಿಗೆ ದೀಪಾವಳಿ ಕಳೆದು ಜನ ಸ್ವೆಟರು ಹುಡುಕುತ್ತಿರುತ್ತಿದ್ದರು. ಇದನ್ನೆಲ್ಲ ಒಳಗೇ ಕುಳಿತು ನೋಡಿದ ಶ್ರೀಹರಿಯವರಿಗೆ ಸರ್ಕಾರದ ಮೇಲೆ ಬೇಸರ ಹುಟ್ಟಿದ್ದು ಸಹಜ. ಆ ಬೇಸರಕ್ಕೆ ಒಂದು ಸಿದ್ಧಾಂತ ಸಿಕ್ಕಿದ್ದು ಊಟದ ವ್ಯವಸ್ಥೆಯಿದ್ದ ಒಂದು ವಿಚಾರ ಸಂಕಿರಣದಲ್ಲಿ. ಅಲ್ಲಿಂದ ಒಂದು ಕೈಚೀಲ, ಎರಡು ಪೆನ್ನು ಮತ್ತು ಮುಕ್ತ ಮಾರುಕಟ್ಟೆಯಲ್ಲಿ ಅಚಲ ನಂಬಿಕೆಯೊಂದಿಗೆ ಮನೆಗೆ ಬಂದರು.

ನಂಬಿಕೆಯ ಮೊದಲ ಪ್ರಯೋಗ ಮನೆಯಲ್ಲೇ ನಡೆಯಿತು. ಅಡುಗೆಮನೆಯಲ್ಲಿ ಪೈಪೋಟಿ ಇಲ್ಲದಿರುವುದರಿಂದಲೇ ಹುಳಿಯ ಗುಣಮಟ್ಟ ಕುಸಿದಿದೆ ಎಂದು ನನ್ನ ಹೆಂಡತಿಯ ಅಕ್ಕ ಗಿರಿಜಾಂಬಾ ಅವರಿಗೆ ವಿವರಿಸಿದರು. ಗಿರಿಜಾಂಬಾ ಪೂರ್ತಿ ಕೇಳಿಸಿಕೊಂಡು, ನೀವು ಹೇಳುವುದು ಸರಿ ಎಂದು ಒಪ್ಪಿ, ಅಂದಿನಿಂದಲೇ ಮಾರುಕಟ್ಟೆಯನ್ನು ಮುಕ್ತಗೊಳಿಸಿದರು. ಶ್ರೀಹರಿಯವರು ಒಂದಷ್ಟು ದಿನ ದರ್ಶಿನಿಯಲ್ಲಿ ನಿಂತುಕೊಂಡು ತಿಂದು, ಹೊಟ್ಟೆ ಕೆಡಿಸಿಕೊಂಡು, ಏಕಸ್ವಾಮ್ಯಕ್ಕೆ ತಾವೇ ಅರ್ಜಿ ಹಾಕಿ ಮರಳಿದರು. ಅದೇ ಮನೆಯ ಮಹಡಿಯಲ್ಲಿದ್ದ ನಮಗೆ ಇದೆಲ್ಲ ಮೆಟ್ಟಿಲ ಮೂಲಕ ಕೇಳಿಸುತ್ತಿತ್ತು.

ಮನೆಯಲ್ಲಿ ಸೋತವರಿಗೆ ಪತ್ರಿಕೆಯೇ ಗತಿ. ನಮ್ಮ ಕಡೆ ‘ಬಡಾವಣೆ ಬೆಳಕು’ ಎಂಬ ವಾರಪತ್ರಿಕೆ ಬರುತ್ತಿತ್ತು. ಸೀರೆಗೆ ಫಾಲ್ಸ್ ಹಚ್ಚುವವರು, ಗಣಿತದ ಟ್ಯೂಷನ್ನಿನವರು ಕೊಟ್ಟ ಜಾಹೀರಾತುಗಳ ನಡುವೆ ಉಳಿದ ಜಾಗಕ್ಕೆ ಸುದ್ದಿ. ಅದರ ಸಂಪಾದಕ, ಮುದ್ರಕ, ವರದಿಗಾರ ಎಲ್ಲವೂ ಮಹಾನಂದ ಒಬ್ಬನೇ. ಶ್ರೀಹರಿಯವರು ಅದರಲ್ಲಿ ಅಂಕಣ ಶುರುಮಾಡಿದರು. ನಿಗಮದ ನೌಕರ ಸರ್ಕಾರವನ್ನು ಟೀಕಿಸಿ ಬರೆದರೆ ನಡತೆ ನಿಯಮದ ಪ್ರಕಾರ ಕೆಲಸ ಹೋಗುತ್ತದೆ, ಆದ್ದರಿಂದ ಹೆಸರು ಹಾಕುವಂತಿಲ್ಲ. ಸರ್ಕಾರ ಜನರಿಂದ ಏನನ್ನೂ ಬಚ್ಚಿಡಬಾರದು ಎಂದು ವಾರವಾರವೂ ಗುಡುಗುವ ಅಂಕಣಕಾರ ತಾನು ಬಚ್ಚಿಟ್ಟುಕೊಳ್ಳಲು ಆರಿಸಿಕೊಂಡ ಹೆಸರು ‘ಪಾರದರ್ಶಿ’. ಇದರಲ್ಲಿ ವಿಚಿತ್ರವೇನೂ ಅವರಿಗೆ ಕಾಣಲಿಲ್ಲ. ವಿಷಯ ಗೊತ್ತಿದ್ದದ್ದು ಮಹಾನಂದನಿಗೆ ಮತ್ತು ನನಗೆ ಮಾತ್ರ. ಗಿರಿಜಾಂಬಾ ಅವರಿಗೂ ಹೇಳಿರಲಿಲ್ಲ.

ಬರಹ ಪತ್ರಿಕೆಗೆ ತಲುಪುತ್ತಿದ್ದದ್ದು ಶೀನಣ್ಣನ ಕಾಫಿಪುಡಿ ಅಂಗಡಿಯ ಮೂಲಕ. ಗುರುವಾರ ಶ್ರೀಹರಿಯವರು ಪುಡಿ ಕೊಳ್ಳಲು ಹೋಗಿ ಒಂದು ಲಕೋಟೆ ಕೊಟ್ಟು ಬರುವುದು, ಸಂಜೆ ಮಹಾನಂದ ಪುಡಿ ಕೊಳ್ಳಲು ಬಂದು ಅದನ್ನು ಒಯ್ಯುವುದು. ಒಳಗೇನಿದೆ ಎಂದು ಶೀನಣ್ಣ ಎಂದೂ ಕೇಳಲಿಲ್ಲ. ಹುರಿದ ಬೀಜ ಮತ್ತು ಚಿಕೋರಿ ಬಿಟ್ಟು ಲೋಕದ ಬೇರೆ ಯಾವ ವಿಷಯದಲ್ಲೂ ಅವರಿಗೆ ಕುತೂಹಲವಿರಲಿಲ್ಲ.

ಬಹಳ ಕಾಲ ಪಾರದರ್ಶಿಯನ್ನು ಯಾರೂ ಓದಲಿಲ್ಲ. ಕೇಂದ್ರದ ಮಾಹಿತಿ ಹಕ್ಕು ಕಾಯ್ದೆ ಬಂದ ಮರುವರ್ಷದ ಮಳೆಗಾಲದಲ್ಲಿ ಅವರು ತಮ್ಮ ನಿಗಮದ ಮೇಲೆಯೇ ಒಂದು ಬರಹ ಎಸೆದರು. ಸರ್ಕಾರಕ್ಕೆ ಕೊಡೆ ವ್ಯಾಪಾರ ಏಕೆ, ಮಳೆ ನಿಂತ ಮೇಲೆ ಕೊಡೆ ತರುವ ನಿಗಮ ತನ್ನ ಲೆಕ್ಕವನ್ನು ಜನರ ಮುಂದೆ ಏಕೆ ಇಡುತ್ತಿಲ್ಲ ಎಂದು. ಅದೇ ವಾರ ನಮ್ಮ ಬಡಾವಣೆಯಲ್ಲಿ ಬಸ್ ತಂಗುದಾಣ ಉದ್ಘಾಟಿಸಲು ಬಂದ ಶಾಸಕರ ಮೇಲೆ ಹಿಡಿದಿದ್ದ ನಿಗಮದ ಕೊಡೆ ಗಾಳಿಗೆ ತಲೆಕೆಳಗಾಗಿ, ಶಾಸಕರು ಪೂರ್ತಿ ನೆನೆದರು. ಮಹಾನಂದ ಆ ಚಿತ್ರವನ್ನೂ ಪಾರದರ್ಶಿಯ ಬರಹವನ್ನೂ ಅಕ್ಕಪಕ್ಕ ಹಾಕಿದ. ಕೇಬಲ್ ಚಾನೆಲ್ಲಿನವರು ಚಿತ್ರ ತೋರಿಸಿ ಬರಹವನ್ನು ಗಟ್ಟಿಯಾಗಿ ಓದಿದರು. ಮರುದಿನ ಗಾಂಧಿಬಜಾರಿನಿಂದ ಚಾಮರಾಜಪೇಟೆಯವರೆಗೆ ಒಂದೇ ಪ್ರಶ್ನೆ, ಯಾರಪ್ಪ ಈ ಪಾರದರ್ಶಿ?

ಶೀನಣ್ಣ ಮಹಾನಂದನಿಗೆ ಲಕೋಟೆ ಕೊಡುವುದನ್ನು ಅಂಗಡಿಯ ಮುಂದಿನ ಸಾಲಿನಲ್ಲಿ ನಿಂತವರು ಕಂಡಿದ್ದರು. ನೀವೇನಾ ಎಂದು ಕೇಳಿದರು. ಶೀನಣ್ಣ ನಿಜವನ್ನೇ ಹೇಳಿದರು.

“ನಾನೆಲ್ಲಿ ಬರೀತೀನಿ ಸ್ವಾಮಿ, ಪುಡಿ ಮಾರೋನು.”

ಬೇರೆ ಊರಿನಲ್ಲಾಗಿದ್ದರೆ ವಿಷಯ ಅಲ್ಲಿಗೇ ಮುಗಿಯುತ್ತಿತ್ತು. ನಮ್ಮಲ್ಲಿ ರಾಮನವಮಿ ಕಛೇರಿಯಲ್ಲಿ ಮೂರು ಗಂಟೆ ಹಾಡಿದ ವಿದ್ವಾಂಸರೂ ಹೊಗಳಿದರೆ, ಏನೋ ಗುರುಗಳು ಹೇಳಿಕೊಟ್ಟ ನಾಲ್ಕಕ್ಷರ ಎನ್ನುತ್ತಾರೆ. ಹಪ್ಪಳ ಚೆನ್ನಾಗಿದೆ ಎಂದರೆ, ಈ ಸಲ ಯಾಕೋ ಸರಿಬರಲಿಲ್ಲ ಎನ್ನುತ್ತಾರೆ. ನಾನಲ್ಲ ಎಂದು ಒಬ್ಬ ಹೇಳಿದನೆಂದರೆ ಅವನೇ ಎಂಬುದು ಖಾತ್ರಿ. ಶೀನಣ್ಣ ಒಬ್ಬೊಬ್ಬರಿಗೂ ಅಲ್ಲಗಳೆದರು, ಒಬ್ಬೊಬ್ಬರಿಗೂ ಖಾತ್ರಿಯಾಯಿತು. ಎಷ್ಟು ವಿನಯ ನೋಡಿ ಎಂದು ಅರ್ಧ ಕೆಜಿ ಕೊಳ್ಳುವವರು ಒಂದು ಕೆಜಿ ಕೊಂಡರು.

ಆಮೇಲೆ ಬಜೆಟ್ ಬಗ್ಗೆ, ಮೇಲ್ಸೇತುವೆ ಬಗ್ಗೆ, ಸಮ್ಮಿಶ್ರ ಸರ್ಕಾರದ ಆಯುಸ್ಸಿನ ಬಗ್ಗೆ ಎಲ್ಲರೂ ಶೀನಣ್ಣನ ಅಭಿಪ್ರಾಯ ಕೇಳತೊಡಗಿದರು. ಅವರು ಎಲ್ಲಕ್ಕೂ ಕಾಫಿಪುಡಿಗೆ ಹೇಳುವ ಮಾತನ್ನೇ ಹೇಳಿದರು, ಎಲ್ಲಾ ಹದದಲ್ಲಿರಬೇಕು ಎಂದು. ಮಹಾನಂದ ಅದನ್ನು ದಪ್ಪಕ್ಷರದಲ್ಲಿ ಹಾಕಿದ. ಶ್ರೀಹರಿಯವರು ಪುಡಿ ಬೇಡದಿದ್ದರೂ ಅಂಗಡಿಯ ಸಾಲಿನಲ್ಲಿ ನಿಂತು, ತಮ್ಮ ವಾಕ್ಯಗಳನ್ನು ಜನ ಶೀನಣ್ಣನಿಗೆ ಒಪ್ಪಿಸುವುದನ್ನು ಕೇಳಿ, ಕಾಲು ಕೆಜಿ ತೆಗೆದುಕೊಂಡು ಬರುತ್ತಿದ್ದರು. ಆ ಮುಖ ನೋಡಲಾಗುತ್ತಿರಲಿಲ್ಲ.

ಆ ಕಾಲು ಕೆಜಿಗೂ ಕುತ್ತು ಬಂತು. ನಿಗಮ ಮುಚ್ಚಿದರೆ ನಮ್ಮ ಮನೆಯ ಗತಿ ಏನು, ಹೊಲಿಗೆ ಹೆಂಗಸರ ಗತಿ ಏನು ಎಂದು ಗಿರಿಜಾಂಬಾ ಕೆರಳಿ, ಆ ಪಾರದರ್ಶಿಯ ಅಂಗಡಿಯ ಪುಡಿ ಈ ಮನೆಗೆ ಬರಕೂಡದು ಎಂದು ತೀರ್ಪು ಕೊಟ್ಟರು. ಅಂದಿನಿಂದ ಗುರುವಾರದ ಲಕೋಟೆ ಮಾತ್ರ ಕದ್ದು ಅಂಗಡಿಗೆ, ಮನೆಗೆ ಯಾವುದೋ ಪ್ಯಾಕೆಟ್ಟಿನ ಪುಡಿ. ಶ್ರೀಹರಿಯವರು ತಮ್ಮ ಬರಹದ ಫಲವನ್ನು ದಿನವೂ ಎರಡು ಲೋಟ ಕುಡಿದರು.

ನಿಗಮದ ಮುಖ್ಯಸ್ಥರು ಶಿವಲಿಂಗಯ್ಯ. ಎಂ.ಡಿ. ಆಗಿ ಬಂದು ಹೆಚ್ಚು ಕಾಲವಾಗಿರಲಿಲ್ಲ. ನಿಧಾನಸ್ಥರು, ಮಾತು ಕಡಿಮೆ. ಅವರು ಪತ್ರಿಕೆಯನ್ನು ಮೇಜಿನ ಮೇಲಿಟ್ಟುಕೊಂಡು ಶ್ರೀಹರಿಯವರನ್ನು ಕರೆಸಿದರು. ಸಿಕ್ಕಿಬಿದ್ದೆ ಎಂದುಕೊಂಡು ಇವರು ಬೆವರುತ್ತ ಹೋದರು.

“ಶ್ರೀಹರಿಯವ್ರೇ, ನೀವೂ ಆ ಬಡಾವಣೆಯವ್ರೇ, ಕನ್ನಡ ಚೆನ್ನಾಗಿ ಬರುತ್ತೆ. ಇವನಿಗೊಂದು ಉತ್ತರ ಬರೀರಿ,” ಎಂದರು ಶಿವಲಿಂಗಯ್ಯ.

ಶ್ರೀಹರಿಯವರು ನಿರಾಳವಾಗಿ ಉಸಿರುಬಿಟ್ಟು, ತಮಗೆ ತೊಂದರೆಯಾಗದ ಹಾಗೆ, ಸದರಿ ಲೇಖನದಲ್ಲಿನ ಅಂಶಗಳನ್ನು ಪರಿಶೀಲಿಸಲಾಗಿ ಎಂದು ಶುರುವಾಗುವ ಒಂದು ಪುಟ ಬರೆದುಕೊಟ್ಟರು. ಶಿವಲಿಂಗಯ್ಯ ಅದನ್ನು ಓದಿ, ಇದರಲ್ಲಿ ಜೀವವೇ ಇಲ್ಲ, ಮೊದಲು ಓಕಳಿಪುರದ ಘಟಕಕ್ಕೆ ಹೋಗಿ ಒಂದು ದಿನ ಕೂತು ಬನ್ನಿ ಎಂದು ಕಳಿಸಿದರು. ಇಷ್ಟು ವರ್ಷ ನಿಗಮದಲ್ಲಿದ್ದು ಇವರು ಅಲ್ಲಿಗೆ ಹೋಗಿದ್ದು ಒಂದೆರಡು ಸಲ, ಅದೂ ಆಯುಧಪೂಜೆಯ ಪುರಿಗಾಗಿ.

ಅಲ್ಲಿ ಇವರು ಕಂಡದ್ದು ದೊಡ್ಡದೇನಲ್ಲ. ಮಾರ್ಕೆಟ್ಟಿನಲ್ಲಿ ಹೂ ಮಾರುವ ಹೆಂಗಸೊಬ್ಬಳು ಕಡ್ಡಿ ಮುರಿದ ಹಳೆಯ ಕೊಡೆ ತಂದಳು. ಹೊರಗಿನ ಅಂಗಡಿಯವನು ಇದನ್ನು ಎಸೆದು ಹೊಸದು ತಗೋ ಎಂದಿದ್ದನಂತೆ. ಇಲ್ಲಿನ ಹೆಂಗಸರು ಊಟದ ಡಬ್ಬಿ ಪಕ್ಕಕ್ಕಿಟ್ಟು, ಕಡ್ಡಿ ಹಾಕಿ, ಹರಿದದ್ದು ಹೊಲಿದು, ಕಾಸು ಕೇಳದೆ ಕೊಟ್ಟರು. ನಿಗಮ ಮಾಡಿದ ಕೊಡೆಗೆ ನಿಗಮ ಇರುವವರೆಗೂ ರಿಪೇರಿ ಬಿಟ್ಟಿ ಎಂಬುದು ಯಾವ ಕಾಲದಲ್ಲೋ ಆಗಿದ್ದ ಪದ್ಧತಿ. ಶ್ರೀಹರಿಯವರು ಅದನ್ನೇ ಬರೆದರು. ಬರೆದು ಮುಗಿಸಿ ತಾವೇ ಇನ್ನೊಮ್ಮೆ ಓದಿಕೊಂಡರು.

‘ನಿಗಮದ ಉತ್ತರ’ ಪ್ರಕಟವಾದ ದಿನ ಗಿರಿಜಾಂಬಾ ಅದನ್ನು ನಡುಮನೆಯಲ್ಲಿ ಗಟ್ಟಿಯಾಗಿ ಓದಿ, ಸೆರಗಿನಿಂದ ಕಣ್ಣೊರೆಸಿಕೊಂಡು, ಇದನ್ನು ಬರೆದವರ ಕಾಲಿಗೆ ಬೀಳಬೇಕು, ಆ ಪಾರದರ್ಶಿಗೆ ಇದನ್ನು ಓದಿಸಬೇಕು ಎಂದರು. ಆತ ಎದುರಿಗೇ ಪ್ಯಾಕೆಟ್ ಕಾಫಿ ಹಿಡಿದು ಕುಳಿತಿದ್ದ.

ಇಲ್ಲಿಂದ ಯುದ್ಧ. ಜನ ನಿಗಮದ ಕಡೆ ವಾಲಿದ್ದು ಪಾರದರ್ಶಿಗೆ ಸಹಿಸಲಾಗಲಿಲ್ಲ. ಒಂದು ರಿಪೇರಿಯ ಕಣ್ಣೀರಿನಲ್ಲಿ ಎಷ್ಟು ವರ್ಷದ ನಷ್ಟ ತೇಲಿಬಿಡುತ್ತೀರಿ ಎಂದು ಮನೆಯಲ್ಲಿ ಕುಳಿತು ಬರೆದರು. ಕಚೇರಿಗೆ ಹೋಗಿ ಅದನ್ನು ಓದಿ ಉರಿದುಹೋಗಿ, ಲಾಭವೊಂದನ್ನೇ ಎಣಿಸುವವರು ಮಳೆಯಲ್ಲಿ ನಿಂತವರನ್ನು ಎಣಿಸುವುದಿಲ್ಲ ಎಂದು ಉತ್ತರ ಕೊಟ್ಟರು. ಎರಡನ್ನೂ ಅವರು ಮನಸ್ಸಿಟ್ಟೇ ಬರೆಯುತ್ತಿದ್ದರು. ಒಂದು ಸಂಜೆ ಮೆಟ್ಟಿಲು ಹತ್ತಿ ಬಂದವರು ಪತ್ರಿಕೆಯನ್ನು ನನ್ನ ಮುಂದೆ ಬಡಿದು, ಎಷ್ಟು ಅಹಂಕಾರ ನೋಡು ಇವನಿಗೆ ಎಂದರು. ಯಾರಿಗೆ ಭಾವ ಎಂದು ಕೇಳಿದೆ. ಅವರು ನೀರು ಕೇಳಿ ಕುಡಿದು ಹೋದರು. ‘ಬಡಾವಣೆ ಬೆಳಕು’ ಮಾತ್ರ ಪುಟ ಹೆಚ್ಚಿಸಿಕೊಂಡಿತು. ಮುಕ್ತ ಮಾರುಕಟ್ಟೆಯಿಂದ ನನ್ನ ಕಣ್ಣೆದುರಿಗೆ ಉದ್ಧಾರವಾದವನು ಮಹಾನಂದ ಒಬ್ಬನೇ.

ಗದ್ದಲ ವಿಧಾನಸೌಧದವರೆಗೂ ಹೋಗಿ, ನಿಗಮ ಇರಬೇಕೇ ಮುಚ್ಚಬೇಕೇ ಎಂದು ನಿರ್ಧರಿಸಲು ಸರ್ಕಾರ ಒಂದು ಸಮಿತಿ ಮಾಡಿತು. ಚಾಮರಾಜಪೇಟೆಯ ಒಂದು ಕಲ್ಯಾಣಮಂಟಪದಲ್ಲಿ ಸಾರ್ವಜನಿಕ ಅಹವಾಲು ಎಂದೂ, ಪಾರದರ್ಶಿಯವರು ತಮ್ಮ ವಾದ ಮಂಡಿಸಬೇಕೆಂದೂ ಪ್ರಕಟಣೆ ಬಂತು. ಆಹ್ವಾನ ಹೋದದ್ದು ಕಾಫಿಪುಡಿ ಅಂಗಡಿಗೆ.

ಅದೇ ಹೊತ್ತಿಗೆ ನಿಗಮಕ್ಕೆ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಬಂತು. ಹಾಕಿದವರು ಅಂಬುಜಮ್ಮ, ಚಾಮರಾಜಪೇಟೆಯ ಶಾಲೆಯೊಂದರಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ನಿಗಮದ ಉತ್ತರಗಳನ್ನು ಬರೆಯುತ್ತಿರುವ ನೌಕರರ ಹೆಸರು ತಿಳಿಸತಕ್ಕದ್ದು ಎಂಬುದಷ್ಟೇ ಕೋರಿಕೆ. ನಿಗಮದ ಮಾಹಿತಿ ಅಧಿಕಾರಿ ಯಾರು? ಆ ಫಲಕ ತಮ್ಮ ಮೇಜಿನ ಮೇಲೆ ಬೇಡವೆಂದು ಉಳಿದವರೆಲ್ಲ ಜಾರಿಕೊಂಡದ್ದರಿಂದ ಅದು ಶ್ರೀಹರಿಯವರ ಮೇಜಿನಲ್ಲೇ ಇತ್ತು. ಈ ಕಾನೂನು ಬೇಕೆಂದು ಪಾರದರ್ಶಿ ಎಷ್ಟು ವಾರ ಬರೆದಿದ್ದನೋ. ಈಗ ಅದು ಬಂದು ಅವನ ಹೆಸರನ್ನೇ ಕೇಳುತ್ತಿತ್ತು.

ಉತ್ತರಗಳ ಲೇಖಕ ತಾನು ಎಂದರೆ, ಎರಡು ಕಡೆಯ ಕನ್ನಡವೂ ಒಂದೇ ಎಂದು ಯಾರಾದರೂ ಹಿಡಿದುಬಿಟ್ಟರೆ ಎಂಬ ಭಯ ಅವರಿಗೆ. ಕೆಲಸ ಹೋದರೆ ಮಗಳು ಮೈತ್ರೇಯಿಯ ಕಾಲೇಜು, ಮನೆ, ಎಲ್ಲಕ್ಕೂ ಕಲ್ಲು. ಕಡತ ದೊರೆಯುತ್ತಿಲ್ಲ ಎಂದು ಬರೆದುಬಿಡಿ, ಎಲ್ಲರೂ ಹಾಗೇ ಮಾಡುತ್ತಾರೆ ಎಂದೆ. ಅವರು ನನ್ನನ್ನು ಸುಡುವಂತೆ ನೋಡಿದರು. ಉತ್ತರ ತಡವಾದದ್ದಕ್ಕೆ ಅಂಬುಜಮ್ಮನವರು ಆಟೋ ಮಾಡಿಕೊಂಡು ಕಚೇರಿಗೇ ಬಂದು ಎದುರಿನ ಕುರ್ಚಿಯಲ್ಲಿ ಕುಳಿತರು.

“ನಿನಗೆ ನಾನು ಪಾಠ ಹೇಳಿದ್ದೀನಿ, ಶ್ರೀಹರಿ. ಕೇಳಿದ ಪ್ರಶ್ನೆಗೆ ಉತ್ತರ ಗೊತ್ತಿದ್ದೂ ಬರೀದೆ ಇದ್ರೆ ಸೊನ್ನೇನೇ.”

ಶ್ರೀಹರಿಯವರು ಅಲ್ಲೇ ತಮ್ಮ ಹೆಸರು ಬರೆದು, ಸಹಿ ಹಾಕಿ, ಮೊಹರು ಒತ್ತಿ ಕೊಟ್ಟರು. ಅಂಬುಜಮ್ಮ ಓದಿ, ನೀನೇ ಅಂದ್ಕೊಂಡಿದ್ದೆ ಎಂದು ತಲೆ ಸವರಿ ಹೋದರು. ಮುಂದಿನ ವಾರ ‘ಬಡಾವಣೆ ಬೆಳಕಿ’ನಲ್ಲಿ ಶ್ರೀಹರಿಯವರ ಚಿತ್ರ, ಕೆಳಗೆ ‘ಸರ್ಕಾರಿ ವ್ಯವಸ್ಥೆಯ ಸಮರ್ಥ ವಕ್ತಾರ’ ಎಂಬ ಒಕ್ಕಣೆ. ಜೀವನದಲ್ಲಿ ಮೊದಲ ಸಲ ಪತ್ರಿಕೆಯಲ್ಲಿ ಅವರ ಹೆಸರು ಬಂದದ್ದು ಹಾಗೆ. ಗಿರಿಜಾಂಬಾ ಹಾಲುಪಾಯಸ ಮಾಡಿದರು. ಅದನ್ನು ತಿನ್ನುವಾಗ ಶ್ರೀಹರಿಯವರ ಮುಖದಲ್ಲಿದ್ದದ್ದು ಸಂತೋಷವೋ ಸಂಕಟವೋ ನನಗೆ ತಿಳಿಯಲಿಲ್ಲ.

ಅಹವಾಲಿನ ಹಿಂದಿನ ದಿನ ಶೀನಣ್ಣ ಹಿತ್ತಿಲ ಬಾಗಿಲಿನಿಂದ ಬಂದರು. ಗಿರಿಜಾಂಬಾ ದೇವಸ್ಥಾನಕ್ಕೆ ಹೋಗಿದ್ದರು.

“ನಾನಲ್ಲ ಅಂತ ಹೇಳಿ ಹೇಳಿ ಬಾಯಿ ನೋಯ್ತಿದೆ, ಯಾರೂ ಕೇಳಲ್ಲ. ಪತ್ರಿಕೇಲಿ ವಾರವಾರ ನನ್ನನ್ನ ಬೈಯೋರು ನೀವೇ ಅಲ್ವಾ, ನಾನೇನು ಹೇಳ್ತೀನಿ ಅಂತ ನಿಮಗೇ ಚೆನ್ನಾಗಿ ಗೊತ್ತಿರತ್ತೆ. ನೀವೇ ಬರ್ಕೊಡಿ.”

ಲಕೋಟೆ ಕೊಡುತ್ತಿದ್ದವರು ಇವರೇ ಎಂಬುದು ಆಗಲೂ ಅವರ ತಲೆಗೆ ಬರಲಿಲ್ಲ. ಶ್ರೀಹರಿಯವರು ರಾತ್ರಿ ಊಟವನ್ನೂ ಮರೆತು, ಪಾರದರ್ಶಿಯ ಈವರೆಗಿನ ಅತಿ ಬಲವಾದ ವಾದವನ್ನು ಶೀನಣ್ಣನ ಬಾಯಿಗೆ ಬರೆದುಕೊಟ್ಟರು. ಆಮೇಲೆ ನಿಗಮದ ವಾದ ಬರೆಯಲು ಕುಳಿತರೆ, ಅದಕ್ಕೆ ಏನು ಉತ್ತರ ಕೊಡಬೇಕೆಂದು ತೋಚದೆ ಹಾಳೆಗಳನ್ನು ಹರಿದರಂತೆ.

ಕಲ್ಯಾಣಮಂಟಪ ತುಂಬಿತ್ತು. ಒಂದು ಕಡೆ ಶಿವಲಿಂಗಯ್ಯ, ಶ್ರೀಹರಿ, ಹೊಲಿಗೆ ಘಟಕದ ಹೆಂಗಸರು. ಇನ್ನೊಂದು ಕಡೆ ಶೀನಣ್ಣ ಮತ್ತು ಅವರ ಪುಡಿಯ ಗಿರಾಕಿಗಳು. ಮದುವೆಗೆ ಬಂದ ಎರಡು ಬೀಗರ ಕಡೆಯವರ ಹಾಗೆ ಪರಸ್ಪರ ನೋಡುತ್ತಿದ್ದರು. ಸಮಿತಿಯ ಅಧ್ಯಕ್ಷರು, ನಿವೃತ್ತ ಅಧಿಕಾರಿ, ಪಾರದರ್ಶಿಯವರನ್ನು ಮೊದಲು ಕರೆದರು. ಶೀನಣ್ಣ ಎದ್ದು ಹಾಳೆ ತೆಗೆದರು. ಕನ್ನಡಕ ಅಂಗಡಿಯಲ್ಲಿತ್ತು.

ಹಾಳೆಯನ್ನು ದೂರ ಹಿಡಿದು, ಹತ್ತಿರ ತಂದು, ಕೊನೆಗೆ ಊಹೆಯಿಂದ ಓದತೊಡಗಿದರು. ಸರ್ಕಾರ ಕೊಡೆ ಬಿಡಬೇಕು ಎಂಬುದು ಸರ್ಕಾರ ಕೊಡೆ ಕೊಡಬೇಕು ಎಂದಾಯಿತು. ನಷ್ಟದ ಭಾಗ ಬಂದಾಗ ನಿಂತೇಬಿಟ್ಟರು. ಎದುರಿನ ಸಾಲಿನಿಂದ ಶ್ರೀಹರಿ ಪಿಸುಮಾತಿನಲ್ಲಿ ಹೇಳಿಕೊಟ್ಟರು. ಶೀನಣ್ಣ ಏನು ಎಂದು ಕೈಯನ್ನು ಕಿವಿಗಿಟ್ಟರು. ಇವರು ಸ್ವಲ್ಪ ಗಟ್ಟಿಯಾಗಿ ಹೇಳಿದರು. ಅವರು ಅದನ್ನೂ ತಪ್ಪಾಗಿ ಹೇಳಿದರು. ತಮ್ಮ ಜೀವಮಾನದ ಉತ್ತಮ ವಾಕ್ಯ ಕಣ್ಣೆದುರಿಗೆ ಹಾಳಾಗುವುದನ್ನು ಎಷ್ಟು ಹೊತ್ತು ಸಹಿಸಲು ಸಾಧ್ಯ? ಶ್ರೀಹರಿಯವರು ಎದ್ದು ನಿಂತರು. ಹಾಳೆಯಿಲ್ಲದೆ, ಮೈಕಿಲ್ಲದೆ, ನಿಗಮದ ಕಡೆಯ ಕುರ್ಚಿಯ ಮುಂದೆ ನಿಂತು, ಆ ನಿಗಮ ಏಕೆ ಮುಚ್ಚಬೇಕು ಎಂಬುದನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದರು. ನಾನು ಅಂಥ ಭಾಷಣ ಕೇಳಿಲ್ಲ.

ಅಧ್ಯಕ್ಷರು ಕನ್ನಡಕ ತೆಗೆದು, ತಾವು ಯಾವ ಕಡೆಯವರು ಎಂದು ಕೇಳಿದರು. ಶ್ರೀಹರಿಯವರು ಹೆಂಗಸರ ಸಾಲಿನಲ್ಲಿ ಕುಳಿತಿದ್ದ ಗಿರಿಜಾಂಬಾ ಅವರ ಕಡೆ ನೋಡಿದರು. ಆಮೇಲೆ ಹೇಳಿದರು.

“ಪಾರದರ್ಶಿ ನಾನೇ ಸಾರ್. ಉತ್ತರ ಬರೆದವನೂ ನಾನೇ. ನಿಗಮ ನಷ್ಟದಲ್ಲಿರೋದೂ ನಿಜ, ಆ ಹೆಂಗಸರು ರಿಪೇರಿ ಮಾಡಿಕೊಡೋದೂ ನಿಜ. ಎರಡೂ ನಂಬ್ಕೊಂಡೇ ಬರ್ದೆ.”

ನಾನು ಶಿವಲಿಂಗಯ್ಯನವರ ಮುಖ ನೋಡಿ, ಇವತ್ತಿಗೆ ಭಾವನ ಕೆಲಸ ಹೋಯಿತು ಎಂದುಕೊಂಡೆ. ಆಗ ಅಂಬುಜಮ್ಮ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಎದುರಾಳಿ ಸಭೆಯಲ್ಲಿ ಅವಮಾನ ಪಡಬಾರದೆಂದು ಅವನ ವಾದವನ್ನು ತಾನೇ ಮಂಡಿಸಿ, ಅವನ ತಪ್ಪನ್ನೂ ತನ್ನ ಮೇಲೆ ಹಾಕಿಕೊಂಡ ಶಿಷ್ಯ ಎಂದು ಅವರ ಕಣ್ಣಲ್ಲಿ ನೀರು. ಇಡೀ ಮಂಟಪ ಚಪ್ಪಾಳೆ ಹೊಡೆಯಿತು.

ಇಲ್ಲ, ನಿಜವಾಗಿಯೂ ನಾನೇ ಎಂದು ಶ್ರೀಹರಿ ಕೂಗಿದರು. ಚಪ್ಪಾಳೆ ಜೋರಾಯಿತು. ಹೌದು, ನಾನಲ್ಲ, ಅವರೇ ಇರಬೇಕು ಎಂದು ಶೀನಣ್ಣನೂ ಹೇಳಿದರು. ಇಬ್ಬರ ವಿನಯಕ್ಕೂ ಜನ ಎದ್ದು ನಿಂತರು. ಇಂಥ ಸೌಜನ್ಯ ಈ ಬಡಾವಣೆಯಲ್ಲಿ ಮಾತ್ರ ಸಾಧ್ಯ ಎಂದು ಅಧ್ಯಕ್ಷರು ನಡಾವಳಿಯಲ್ಲಿ ಬರೆಸಿದರು. ನಿಜ ಗೊತ್ತಿದ್ದ ಮಹಾನಂದ ಚಿತ್ರ ತೆಗೆಯುವುದರಲ್ಲಿ ಮುಳುಗಿದ್ದ. ನಾನೂ ಬಾಯಿ ಮುಚ್ಚಿಕೊಂಡಿದ್ದೆ, ಉಳಿದುಕೊಂಡ ಭಾವನ ಕೆಲಸವನ್ನು ನಾನೇಕೆ ಕಳೆಯಲಿ? ಶಿವಲಿಂಗಯ್ಯ ಶ್ರೀಹರಿಯವರ ಭುಜ ಹಿಡಿದು ಕೂರಿಸಿ, ಅಷ್ಟೊಂದು ದೊಡ್ಡ ಮನಸ್ಸು ಬೇಡ ಎಂದು ಮೆಲ್ಲಗೆ ಹೇಳಿದರು. ಅವರಿಗೆ ನಿಜ ತಿಳಿದಿತ್ತೋ ಇಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ.

ವಿಷಯವನ್ನು ಕೂಲಂಕಷವಾಗಿ ಅಧ್ಯಯನ ಮಾಡಲು ತಜ್ಞರ ಇನ್ನೊಂದು ಸಮಿತಿ ರಚಿಸಬೇಕೆಂದು ಸಮಿತಿ ಶಿಫಾರಸು ಮಾಡಿತು. ಅಂದರೆ ನಿಗಮಕ್ಕೆ ಇನ್ನು ಹಲವು ಮಳೆಗಾಲಗಳ ಅಭಯ.

ಸಂಜೆ ನಾನು ಕೆಳಮನೆಗೆ ಹೋದಾಗ ಶ್ರೀಹರಿಯವರು ಪಂಚೆ ಉಟ್ಟುಕೊಂಡು ಗೋಡೆ ನೋಡುತ್ತಾ ಕುಳಿತಿದ್ದರು. ಇಡೀ ಊರಿನ ಮುಂದೆ ನಿಜ ಹೇಳಿದರೂ ಒಬ್ಬರೂ ನಂಬಲಿಲ್ಲವಲ್ಲ ಎಂಬ ದುಃಖ ಅವರನ್ನು ಕುಗ್ಗಿಸಿತ್ತು. ಗಿರಿಜಾಂಬಾ ಬಂದು ಎದುರಿಗೆ ಕುಳಿತು, ನೀವು ಅಲ್ಲಿ ಹೇಳಿದ್ದು ನಿಜ ತಾನೇ ಎಂದು ಕೇಳಿದರು. ಶ್ರೀಹರಿಯವರು ತಲೆ ಎತ್ತಿದರು. ಸುಳ್ಳು ಹೇಳುವಾಗ ನೀವು ನನ್ನ ಮುಖ ನೋಡುವುದಿಲ್ಲ, ಇವತ್ತು ನೋಡಿದಿರಿ ಎಂದರು ಅವರು. ಒಬ್ಬರಾದರೂ ನಂಬಿದರಲ್ಲ ಎಂದು ಇವರ ಮುಖ ಅರಳುವಷ್ಟರಲ್ಲಿ ಗಿರಿಜಾಂಬಾ ಮುಂದಿನ ಪ್ರಶ್ನೆ ಕೇಳಿದರು.

“ಯಾರ ಹತ್ರಾನೂ ಏನೂ ಬಚ್ಚಿಡಬಾರದು ಅಂತ ವಾರವಾರ ಬರೆದ್ರಲ್ಲ. ನನ್ನ ಹತ್ರ ಯಾಕೆ ಬಚ್ಚಿಟ್ರಿ?”

“ನೀನು ಬೈತೀಯ ಅಂತ.”

“ಸರ್ಕಾರಾನೂ ಅದಕ್ಕೇ ಅಲ್ವಾ ಬಚ್ಚಿಡೋದು?”

ಯಾವ ವಾದವನ್ನೂ ಎರಡು ಕಡೆಯಿಂದ ಬರೆಯಬಲ್ಲ ಶ್ರೀಹರಿಯವರು ಎದ್ದು ಒಳಗೆ ಹೋಗಿ, ಆ ವಾರಕ್ಕೆ ಬರೆದಿಟ್ಟಿದ್ದ ಹಾಳೆಗಳನ್ನು ತಂದು ಹೆಂಡತಿಯ ಕೈಗೆ ಕೊಟ್ಟರು. ಗಿರಿಜಾಂಬಾ ಕನ್ನಡಕ ಹಾಕಿಕೊಂಡು ದೀಪದ ಕೆಳಗೆ ಕುಳಿತು ಓದತೊಡಗಿದರು. ಓದಿ ಮುಗಿಯುವವರೆಗೂ ಶ್ರೀಹರಿಯವರು ಬಾಗಿಲ ಬಳಿ ನಿಂತೇ ಇದ್ದರು.